ಕೋಳಿಮೊಟ್ಟೆಗೆ ಬೂಟ್ ಪಾಲಿಶ್ ಬಳಿದ ಕಳ್ಳ

ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ ಜೂನ್ ತಿಂಗಳ ರಾತ್ರಿ ತೀರ ಚಿಕ್ಕದು. ಹತ್ತು ಗಂಟೆಯಾದರೂ ಮನೆಯ ಹೊರಗೆ ಕೂತು ಪುಸ್ತಕ ಓದುವಷ್ಟು ಬೆಳಕಿರುತ್ತದೆ. ಕತ್ತಲಾಯಿತು ಅನ್ನುವಷ್ಟರಲ್ಲಿ ಮತ್ತೆ ಮೂಡಣ ಬೆಳ್ಳಗಾಗುತ್ತದೆ. ಕಳ್ಳರಿಗೆ ಅದು ಕಷ್ಟದ ಕಾಲವೇ ಸರಿ. ಆದರೂ 1958ರ ಜೂನ್ ಮೊದಲ ವಾರದಲ್ಲಿ, ಆ ಚೂರು ಕತ್ತಲನ್ನೇ ನಂಬಿಕೊಂಡು ಒಬ್ಬ ಕಳ್ಳ ಪೈನ್ ಕಾಡಿನೊಳಗೆ ನುಗ್ಗಿದ. ಅವನು ಕದಿಯಲು ಬಂದದ್ದು ಹಣವನ್ನಲ್ಲ, ಒಡವೆಯನ್ನಲ್ಲ. ಎತ್ತರದ ಮರದ ತುದಿಯಲ್ಲಿದ್ದ ಒಂದು ಗೂಡು, ಅದರೊಳಗಿನ ಹಕ್ಕಿಮೊಟ್ಟೆ.

ಆ ಮರಕ್ಕೆ ಕಾವಲಿತ್ತು. ಹಕ್ಕಿಪ್ರಿಯರು ಪಾಳಿ ಹಾಕಿಕೊಂಡು ಹಗಲೂ ರಾತ್ರಿ ನೋಡಿಕೊಳ್ಳುತ್ತಿದ್ದರು. ಮರದ ಮೇಲೆ ಮನುಷ್ಯಾಕೃತಿ ಕಂಡದ್ದೇ ಕೂಗುತ್ತ ಓಡಿದರು. ಕಳ್ಳ ಇಳಿದು ಕಾಡಿನಲ್ಲಿ ಮಾಯವಾದ. ಮರದ ಬುಡದಲ್ಲಿ ನೋಡಿದರೆ ಮೊಟ್ಟೆಗಳು ಒಡೆದು ಬಿದ್ದಿದ್ದವು. ಗೂಡು ಪರೀಕ್ಷಿಸಿದಾಗ ಇನ್ನೊಂದು ಸೋಜಿಗ ಕಾದಿತ್ತು. ಅಲ್ಲಿ ಎರಡು ಮೊಟ್ಟೆ ಇದ್ದವು! ಕೈಗೆತ್ತಿಕೊಂಡು ನೋಡಿದರೆ ಅವು ಕೋಳಿಮೊಟ್ಟೆಗಳು. ಮೇಲೆ ಕಂದು ಬಣ್ಣದ ಬೂಟ್ ಪಾಲಿಶ್ ಬಳಿದಿತ್ತು. ನಿಜವಾದ ಮೊಟ್ಟೆಗಳ ಮೇಲೆ ಕೆಂಗಂದು ಮಚ್ಚೆಗಳಿರುತ್ತವಲ್ಲ, ದೂರದಿಂದ ಹಾಗೇ ಕಾಣಲಿ ಎಂಬ ಉಪಾಯ. ಹಕ್ಕಿ ಮೋಸಹೋಗಿ ಕಾವಿಗೆ ಕೂತರೆ ಕಾವಲಿನವರಿಗೂ ಗೊತ್ತಾಗುವುದಿಲ್ಲ ಎಂದು ಅವನ ಲೆಕ್ಕ.

ಮನೆಯಲ್ಲಿ ಬೂಟ್ ಪಾಲಿಶ್ ಡಬ್ಬಿ ಹಿಡಿದು ಕೋಳಿಮೊಟ್ಟೆಗೆ ಬಣ್ಣ ಹಚ್ಚುತ್ತ ಕೂತ ಆ ದೊಡ್ಡ ಮನುಷ್ಯನನ್ನು ನೆನೆದರೆ ನಗು ಬರುತ್ತದೆ. ಆದರೆ ಅವತ್ತು ಕಾಡಿನಲ್ಲಿದ್ದವರಿಗೆ ನಗು ಬರಲಿಲ್ಲ. ಯಾಕೆಂದರೆ ಅದು ಇಡೀ ಬ್ರಿಟನ್ನಿನಲ್ಲಿ ಎಲ್ಲರೂ ಆಸೆಯಿಂದ ಕಾಯುತ್ತಿದ್ದ ಗೂಡು.

ಯಾವುದಿದು ಹಕ್ಕಿ?

ಹೆಸರು ಆಸ್ಪ್ರೆ. ಗಿಡುಗನ ಬಳಗಕ್ಕೆ ಹತ್ತಿರದ್ದು. ಮೀನು ಬಿಟ್ಟರೆ ಬೇರೇನನ್ನೂ ತಿನ್ನುವುದಿಲ್ಲ ಅನ್ನಬಹುದು. ಬೆನ್ನು ಗಾಢ ಕಂದು, ಹೊಟ್ಟೆ ಬಿಳಿ, ತಲೆಯೂ ಬಿಳಿ. ಕಣ್ಣಿನಿಂದ ಕತ್ತಿನವರೆಗೆ ಕಾಡಿಗೆ ತೀಡಿದಂತೆ ಒಂದು ಕಪ್ಪು ಪಟ್ಟಿ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಐದು ಅಡಿ ದಾಟುತ್ತದೆ. ತೂಕ ಮಾತ್ರ ಒಂದೂವರೆ ಕಿಲೋ, ಹೆಚ್ಚೆಂದರೆ ಎರಡು.

ಇದು ಮೀನು ಹಿಡಿಯುವುದನ್ನು ನೋಡಬೇಕು. ನೀರಿನ ಮೇಲೆ ಎತ್ತರದಲ್ಲಿ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಲ್ಲುತ್ತದೆ. ಮೀನು ಕಂಡೊಡನೆ ರೆಕ್ಕೆ ಹಿಂದಕ್ಕೆ ಮಡಚಿ ಕಲ್ಲು ಬಿದ್ದಂತೆ ಬೀಳುತ್ತದೆ. ಕೊನೆಯ ಗಳಿಗೆಯಲ್ಲಿ ಕಾಲು ಮುಂದಕ್ಕೆ ಚಾಚಿ ದಢಾರನೆ ನೀರಿಗೆ! ಕೆಲವೊಮ್ಮೆ ಪೂರ್ತಿ ಮುಳುಗಿಯೇಬಿಡುತ್ತದೆ. ಮೂಗಿಗೆ ನೀರು ಹೋಗದಂತೆ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಅಂಗಾಲಿನಲ್ಲಿ ಸಣ್ಣ ಸಣ್ಣ ಮುಳ್ಳುಗಳಿವೆ, ಜಾರುವ ಮೀನು ಅದಕ್ಕೆ ಸಿಕ್ಕಿದರೆ ಜಾರುವುದಿಲ್ಲ. ಮುಂದಿನ ಮೂರು ಬೆರಳುಗಳಲ್ಲಿ ಹೊರಗಿನದನ್ನು ಹಿಂದಕ್ಕೆ ತಿರುಗಿಸಿ, ಮುಂದೆರಡು ಹಿಂದೆರಡು ಮಾಡಿಕೊಂಡು ಗಟ್ಟಿಯಾಗಿ ಹಿಡಿಯುತ್ತದೆ. ನೀರಿನಿಂದ ಎದ್ದ ಮೇಲೆ ನೆಂದ ನಾಯಿಯಂತೆ ಮೈ ಕೊಡವುತ್ತದೆ, ಅದೂ ಹಾರುತ್ತಲೇ. ಆಮೇಲೆ ಮೀನಿನ ತಲೆ ಮುಂದೆ ಬರುವಂತೆ ತಿರುಗಿಸಿಕೊಳ್ಳುತ್ತದೆ. ಅಡ್ಡಲಾಗಿ ಹಿಡಿದರೆ ಗಾಳಿಗೆ ತಡೆಯಾಗುತ್ತದಲ್ಲ, ಅದಕ್ಕೆ.

ಗೂಡು ಎಂದರೆ ಒಂದು ಸೌದೆಯ ಹೊರೆ. ಹಳೆಯ ಪೈನ್ ಮರಗಳು ವಯಸ್ಸಾದಂತೆ ತುದಿಯಲ್ಲಿ ಚಪ್ಪಟೆಯಾಗುತ್ತವೆ. ಅಂಥ ಮರ ಹುಡುಕಿ ನೆತ್ತಿಯ ಮೇಲೆ ಕಡ್ಡಿ, ಕೊಂಬೆ ಒಟ್ಟಿ, ಒಳಗೆ ಪಾಚಿ, ಹುಲ್ಲು ಹಾಸುತ್ತವೆ. ಪ್ರತಿವರ್ಷ ಅದೇ ಗೂಡಿಗೆ ಬಂದು ಇನ್ನಷ್ಟು ಕಡ್ಡಿ ಸೇರಿಸುತ್ತವೆ. ಹಾಗಾಗಿ ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಬಚ್ಚಿಟ್ಟುಕೊಳ್ಳುವ ಬುದ್ಧಿ ಈ ಹಕ್ಕಿಗೆ ಸ್ವಲ್ಪವೂ ಇಲ್ಲ. ಅದೇ ಅದಕ್ಕೆ ಮುಳುವಾಯಿತು.

ಚಳಿಯ ನೀರಿನಲ್ಲಿ ಈಜಿದವನು

ಒಂದು ಕಾಲದಲ್ಲಿ ಸ್ಕಾಟ್ಲೆಂಡಿನ ಸರೋವರಗಳ ದಡದಲ್ಲಿ ಆಸ್ಪ್ರೆ ಸಾಮಾನ್ಯವಾಗಿತ್ತು. ಸರೋವರಕ್ಕೆ ಅಲ್ಲಿಯವರು ‘ಲಾಖ್’ ಅನ್ನುತ್ತಾರೆ. ಕೊನೆಯ ಅಕ್ಷರವನ್ನು ಗಂಟಲಿನಿಂದ ಉಜ್ಜಿ ಹೇಳಬೇಕು, ಇಂಗ್ಲೆಂಡಿನವರಿಗೂ ಅದು ಸರಿಯಾಗಿ ಬರುವುದಿಲ್ಲ. ಮೊದಲು ಮೀನಿನ ಕೊಳ ಇಟ್ಟುಕೊಂಡಿದ್ದವರು ಆಸ್ಪ್ರೆಯನ್ನು ಕಳ್ಳನೆಂದು ಹೊಡೆದರು. ಮೀನು ತಿಂದದ್ದೇ ಅದರ ಅಪರಾಧ. ನಂತರ ಬಂದೂಕು ಹಿಡಿದ ಶೋಕಿಯವರು ಬಂದರು, ಹೊಡೆದು ಒಳಗೆ ಹತ್ತಿ ತುಂಬಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹಕ್ಕಿ ಅಪರೂಪವಾದ ಮೇಲೆ ಮೊಟ್ಟೆ ಸಂಗ್ರಹಿಸುವವರ ಸರದಿ.

ಈಗಿನ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. ಅಂಚೆಚೀಟಿ, ಹಳೇ ನಾಣ್ಯ ಕೂಡಿಹಾಕುವಂತೆ ಅಲ್ಲಿ ಹಕ್ಕಿಮೊಟ್ಟೆ ಕೂಡಿಹಾಕುವ ಹುಚ್ಚಿತ್ತು. ಶಾಲಾ ಹುಡುಗರಿಂದ ಹಿಡಿದು ಸಿರಿವಂತರವರೆಗೆ ಎಲ್ಲರಿಗೂ. ಚಿಪ್ಪಿಗೆ ಸಣ್ಣ ತೂತು ಕೊರೆದು, ಒಳಗಿನದನ್ನು ಊದಿ ಹೊರತೆಗೆದು, ಬರೀ ಚಿಪ್ಪನ್ನು ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಜೋಡಿಸಿಡುವುದು. ಹಕ್ಕಿ ಎಷ್ಟು ಅಪರೂಪವೋ ಮೊಟ್ಟೆಗೆ ಅಷ್ಟು ಬೆಲೆ. ಬೆಲೆ ಏರಿದಷ್ಟೂ ಕದಿಯುವವರು ಹೆಚ್ಚು, ಕದ್ದಷ್ಟೂ ಹಕ್ಕಿ ಅಪರೂಪ. ಈ ಗಾಣಕ್ಕೆ ಸಿಕ್ಕಿದ ಹಕ್ಕಿ ಉಳಿಯುವುದುಂಟೆ?

ಲಾಖ್ ಅನ್ ಐಲೆನ್ ಎಂಬ ಸರೋವರದ ನಡುವೆ ಸಣ್ಣ ದ್ವೀಪ, ಅದರ ಮೇಲೆ ಪಾಳುಬಿದ್ದ ಕೋಟೆ. ಕೋಟೆಯ ಮೇಲೆ ಆಸ್ಪ್ರೆ ಗೂಡು ಕಟ್ಟುತ್ತಿತ್ತು. ಸುತ್ತ ನೀರು, ಯಾರು ಬಂದಾರು ಎಂದು ಅದಕ್ಕೆ ಧೈರ್ಯ. 1850ರ ಆಸುಪಾಸಿನಲ್ಲಿ ಡನ್‌ಬಾರ್ ಎಂಬ ಮೊಟ್ಟೆಗಳ್ಳ ರಾತ್ರೋರಾತ್ರಿ ನಡೆದು ಬಂದು, ಹಿಮ ಬೀಳುತ್ತಿದ್ದರೂ ಬಟ್ಟೆ ಕಳಚಿ ಆ ನೀರಿಗಿಳಿದ. ಈಜಿ ಹೋಗಿ, ಕೋಟೆ ಹತ್ತಿ, ಮೊಟ್ಟೆ ತೆಗೆದುಕೊಂಡ. ವಾಪಸು ಬರುವಾಗ ಕೈಗೊಂದು ಮೊಟ್ಟೆ ಹಿಡಿದು, ಅಂಗಾತ ಮಲಗಿ ಕಾಲು ಬಡಿಯುತ್ತ ದಡ ಸೇರಿದ. ಅಂಥ ಧೈರ್ಯ, ಅಂಥ ತ್ರಾಣ! ಬಳಸಿದ್ದು ಯಾವುದಕ್ಕೆ ನೋಡಿ.

ಅದೇ ಕಾಲದ ಚಾರ್ಲ್ಸ್ ಸೇಂಟ್ ಜಾನ್ ಎಂಬ ಬೇಟೆಗಾರ 1848ರಲ್ಲಿ ಸದರ್ಲೆಂಡ್ ಎಂಬ ಕಡೆ ತಿರುಗಾಡುತ್ತ ಗೂಡಿನ ಹತ್ತಿರದ ಹೆಣ್ಣು ಆಸ್ಪ್ರೆಯನ್ನು ಹೊಡೆದ. ಗಂಡುಹಕ್ಕಿ ಜೋಡಿಯನ್ನು ಹುಡುಕುತ್ತ ಸುತ್ತುವುದನ್ನು ಕಂಡು ತನಗೆ ಬೇಸರವಾಯಿತೆಂದು ಅವನೇ ಬರೆದುಕೊಂಡಿದ್ದಾನೆ. ಬೇಸರವೇನೋ ಆಯಿತು, ಹಕ್ಕಿ ಮಾತ್ರ ಸತ್ತಿತ್ತು.

ಎಲ್ಲರೂ ಹೀಗೆಯೇ ಇದ್ದರು ಎನ್ನಲಾಗದು. ರೋಥಿಮರ್ಕಸ್‌ನ ಜಮೀನ್ದಾರ ಗ್ರಾಂಟ್ ಮತ್ತು ಲಾಖೀಲ್‌ನ ಕ್ಯಾಮರೂನ್ ತಮ್ಮ ನೆಲದ ಆಸ್ಪ್ರೆಗಳನ್ನು ಕಾಪಾಡಲು ಪಟ್ಟ ಪ್ರಯತ್ನಕ್ಕೆ 1893ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘ ಬೆಳ್ಳಿಪದಕ ಕೊಟ್ಟಿತು. ಆದರೆ ಹೊತ್ತು ಮೀರಿತ್ತು. 1916ರ ನಂತರ ಸ್ಕಾಟ್ಲೆಂಡಿನಲ್ಲಿ ಆಸ್ಪ್ರೆ ಸಂಸಾರ ಹೂಡುವುದು ನಿಂತೇಹೋಯಿತು ಎಂದು ದಾಖಲೆಗಳು ಹೇಳುತ್ತವೆ. ಆಗ ಹುಟ್ಟಿದ ಮಗು ಬೆಳೆದು, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಕಳಿಸುವಷ್ಟು ಕಾಲ ಆ ಸರೋವರಗಳ ಮೇಲೆ ಆಸ್ಪ್ರೆಯ ಗೂಡಿರಲಿಲ್ಲ.

ಹಕ್ಕಿ ತಾನಾಗಿ ಬಂತು

ಯಾರೂ ಕರೆಯಲಿಲ್ಲ. 1954ರಲ್ಲಿ ಲಾಖ್ ಗಾರ್ಟನ್ ಎಂಬ ಸರೋವರದ ಸುತ್ತಿನ ಕಾಡಿನಲ್ಲಿ ಒಂದು ಜೋಡಿ ಗೂಡು ಕಟ್ಟಿದ ಸುದ್ದಿ ಬಂತು. ಉತ್ತರ ಯುರೋಪಿನ ಸ್ವೀಡನ್, ನಾರ್ವೆ ಕಡೆ ಈ ಹಕ್ಕಿ ಉಳಿದುಕೊಂಡಿತ್ತು. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದೆರಡು ಇಲ್ಲಿ ತಂಗಿರಬೇಕು. ಲಾಖ್ ಗಾರ್ಟನ್ ಇರುವುದು ಸ್ಪೇ ನದಿಯ ಕಣಿವೆಯಲ್ಲಿ, ಅಬರ್ನೆಥಿ ಎಂಬ ಹಳೆಯ ಪೈನ್ ಕಾಡಿನ ಅಂಚಿನಲ್ಲಿ. ಹಿಂದೆ ಕೇರ್ನ್‌ಗಾರ್ಮ್ ಬೆಟ್ಟಸಾಲು, ಅದರ ತಲೆಯ ಮೇಲೆ ಬೇಸಿಗೆ ಶುರುವಾದರೂ ಹಿಮದ ತೇಪೆಗಳು.

ಹಕ್ಕಿ ಬಂದ ಹಿಂದೆಯೇ ಮೊಟ್ಟೆಗಳ್ಳರ ವಾಸನೆಯೂ ಬಂತು. ಮುಂದಿನ ವರ್ಷಗಳಲ್ಲಿ ಒಂದಾದ ಮೇಲೊಂದು ಗೂಡು ವಿಫಲವಾಯಿತು. ಮೊಟ್ಟೆ ಕದಿಯುವುದು 1954ರ ಕಾನೂನಿನಲ್ಲೇ ಅಪರಾಧವಾಗಿತ್ತು. ಕಾಡಿನ ಮಧ್ಯೆ ಕಾನೂನು ಪುಸ್ತಕ ಯಾರು ಓದುತ್ತಾರೆ!

ಈಗ ಜಾರ್ಜ್ ವಾಟರ್‌ಸ್ಟನ್ ಅವರ ಪರಿಚಯ ಮಾಡಿಕೊಳ್ಳಬೇಕು. ಎಡಿನ್‌ಬರೊ ಊರಿನವರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದಾಗ 1941ರಲ್ಲಿ ಕ್ರೀಟ್ ದ್ವೀಪದಲ್ಲಿ ಜರ್ಮನರಿಗೆ ಸೆರೆಸಿಕ್ಕರು. ಸೆರೆಯಲ್ಲಿ ಬೇರೆಯವರು ಮನೆಯ ಊಟ ನೆನೆಯುತ್ತಿದ್ದರೆ, ಇವರು ಫೇರ್ ಐಲ್ ಎಂಬ ದೂರದ ದ್ವೀಪದಲ್ಲಿ ಹಕ್ಕಿ ವೀಕ್ಷಣಾಲಯ ಕಟ್ಟುವ ಯೋಜನೆ ಹಾಕುತ್ತಿದ್ದರು. ಬಿಡುಗಡೆಯಾದ ಮೇಲೆ ಆ ದ್ವೀಪವನ್ನೇ ಕೊಂಡು, 1948ರಲ್ಲಿ ಹೇಳಿದ್ದನ್ನು ಮಾಡಿಯೂ ತೋರಿಸಿದರು. ಮುಂದೆ ಬ್ರಿಟನ್ನಿನ ರಾಯಲ್ ಪಕ್ಷಿ ಸಂರಕ್ಷಣಾ ಸಂಘದ ಸ್ಕಾಟ್ಲೆಂಡ್ ಪ್ರತಿನಿಧಿಯಾದರು. ಗಾರ್ಟನ್ ಗೂಡಿನ ಕಾವಲು ಅವರ ಹೆಗಲಿಗೆ ಬಿತ್ತು. ಜೊತೆಗೆ ಸಂಘದ ಕಾರ್ಯದರ್ಶಿ ಫಿಲಿಪ್ ಬ್ರೌನ್.

ಬೂಟ್ ಪಾಲಿಶ್ ಕಳ್ಳ ಬಂದದ್ದು ಅವರ ಕಾವಲಿನಲ್ಲೇ. ಇಷ್ಟು ಜನ, ಇಷ್ಟು ರಾತ್ರಿ, ಇಷ್ಟು ಚಳಿ, ಕೊನೆಗೆ ಒಡೆದ ಮೊಟ್ಟೆ. ಮೊಟ್ಟೆ ಕಳೆದುಕೊಂಡ ಹಕ್ಕಿಗಳು ಸ್ವಲ್ಪ ದೂರದ ಇನ್ನೊಂದು ಮರದಲ್ಲಿ ಹೊಸ ಗೂಡು ಕಟ್ಟತೊಡಗಿದವು. ಆ ವರ್ಷ ಮತ್ತೆ ಮೊಟ್ಟೆಯಿಡುವ ಕಾಲ ಮುಗಿದಿತ್ತು. ಸುಮ್ಮನೆ ಕಟ್ಟಿದವು, ಆಗಸ್ಟ್ ಹೊತ್ತಿಗೆ ಹೊರಟುಹೋದವು. ಮುಂದಿನ ಬೇಸಿಗೆಗೆ ಬರುತ್ತವೋ ಇಲ್ಲವೋ ಹೇಳುವವರಿಲ್ಲ.

ಗುಟ್ಟು ಬಿಟ್ಟುಕೊಟ್ಟ ವಾಟರ್‌ಸ್ಟನ್

1959ರ ವಸಂತದಲ್ಲಿ ಅವು ಬಂದವು. ಕಳೆದ ವರ್ಷ ಕಟ್ಟಿಟ್ಟಿದ್ದ ಗೂಡಿನಲ್ಲೇ ಮೊಟ್ಟೆಯಿಟ್ಟವು. ಮರದ ಬುಡಕ್ಕೆ ಮುಳ್ಳುತಂತಿ ಸುತ್ತಿದರು. ದಿನದ 24 ಗಂಟೆಯೂ ಕಾವಲು. ರಜೆ ಹಾಕಿ ಬಂದ ಸ್ವಯಂಸೇವಕರು ಡೇರೆಗಳಲ್ಲಿ ಮಲಗಿ, ಅಲ್ಲೇ ಅಡುಗೆ ಮಾಡಿಕೊಂಡು, ಪಾಳಿಯಲ್ಲಿ ಎದ್ದರು. ಅಲ್ಲಿನ ಬೇಸಿಗೆಯಲ್ಲಿ ಮಿಜ್ ಎಂಬ ನುಸಿಯ ಕಾಟ ಬೇರೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಮೋಡದ ಹಾಗೆ ಮುತ್ತಿಕೊಂಡು ಕಚ್ಚುತ್ತವೆ. ನಮ್ಮ ಮಲೆನಾಡಿನವರಿಗೆ ಮಳೆಗಾಲದ ಜಿಗಣೆ ಹೇಗೋ ಅವರಿಗೆ ಇದು ಹಾಗೆ. ದೂರು ಹೇಳಿಕೊಳ್ಳದೆ ಯಾರೂ ಬೇಸಿಗೆ ಕಳೆಯುವುದಿಲ್ಲ.

ಮೊಟ್ಟೆಯೊಡೆದು ಮರಿಗಳು ಹೊರಬಂದವು. ಆಗ ವಾಟರ್‌ಸ್ಟನ್ ಎಲ್ಲರೂ ಹುಬ್ಬೇರಿಸುವ ಕೆಲಸ ಮಾಡಿದರು. ಗೂಡು ಎಲ್ಲಿದೆ ಎಂಬುದನ್ನು ಪತ್ರಿಕೆಗಳಿಗೆ ಹೇಳಿಬಿಟ್ಟರು! ಬನ್ನಿ, ಎಲ್ಲರೂ ಬಂದು ನೋಡಿ ಎಂದರು. ಗೂಡಿಗೆ ತೊಂದರೆಯಾಗದಷ್ಟು ದೂರದಲ್ಲಿ ಒಂದು ಮರೆ ಕಟ್ಟಿ, ಅದರಲ್ಲಿ ದುರ್ಬೀನುಗಳನ್ನು ಇಡಿಸಿದರು.

ಅದುವರೆಗೆ ಅಪರೂಪದ ಹಕ್ಕಿಯ ಗೂಡೆಂದರೆ ಪರಮ ಗುಟ್ಟು. ಹಕ್ಕಿತಜ್ಞರು ಹೆಂಡತಿಗೂ ಹೇಳುತ್ತಿರಲಿಲ್ಲ. ಊರವರನ್ನೆಲ್ಲ ಕರೆದರೆ ಹಕ್ಕಿ ಹೆದರಿ ಓಡುತ್ತದೆ, ಕಳ್ಳರಿಗೆ ನಾವೇ ದಾರಿ ತೋರಿಸಿದ ಹಾಗಾಗುತ್ತದೆ ಎಂದು ಬಹಳ ಜನ ಹೆದರಿದರು. ಹೆದರಿಕೆಯಲ್ಲಿ ಅರ್ಥವಿತ್ತು. ಆದರೆ ಗುಟ್ಟು ಮೊಟ್ಟೆಗಳ್ಳರಿಗೆ ಹೇಗೂ ಗೊತ್ತಾಗಿತ್ತು. ಗೊತ್ತಿಲ್ಲದೆ ಇದ್ದವರು ಉಳಿದ ಜನ ಮಾತ್ರ. ಹತ್ತು ಕಳ್ಳರಿಗೆ ಗೊತ್ತಿರುವ ಗೂಡನ್ನು ಸಾವಿರ ಸಜ್ಜನರಿಗೂ ತೋರಿಸಿದರೆ ಕಾಯುವ ಕಣ್ಣು ಹೆಚ್ಚಾಗುವುದಿಲ್ಲವೆ?

ಆ ಬೇಸಿಗೆಯಲ್ಲಿ ಸುಮಾರು 14,000 ಜನ ಬಂದರು. ಕಾರಿನಲ್ಲಿ, ಬಸ್ಸಿನಲ್ಲಿ, ಸೈಕಲ್ಲಿನಲ್ಲಿ. ಹಕ್ಕಿಯ ಹೆಸರೇ ಕೇಳದವರು, ಮಕ್ಕಳನ್ನು ಕರೆತಂದ ಅಜ್ಜ ಅಜ್ಜಿಯರು ಸಾಲಾಗಿ ನಿಂತು, ತಮ್ಮ ಸರದಿ ಬಂದಾಗ ದುರ್ಬೀನಿನಲ್ಲಿ ಕಣ್ಣಿಟ್ಟು, ಪೈನ್ ಮರದ ನೆತ್ತಿಯಲ್ಲಿ ಮೀನು ಸೀಳಿ ಮರಿಗಳ ಬಾಯಿಗಿಡುವ ತಾಯಿಯನ್ನು ನೋಡಿದರು. ಹಕ್ಕಿಗಳು ಹೆದರಲಿಲ್ಲ. ಮೂರು ಮರಿಗಳೂ ರೆಕ್ಕೆ ಬಲಿತು ಹಾರಿದವು.

ಅಂದಿನಿಂದ ಲಾಖ್ ಗಾರ್ಟನ್ನಿಗೆ ಬಂದವರ ಸಂಖ್ಯೆ ಇಪ್ಪತ್ತು ಲಕ್ಷ ದಾಟಿದೆ. ಪಕ್ಕದ ಬೋಟ್ ಆಫ್ ಗಾರ್ಟನ್ ಎಂಬ ಸಣ್ಣ ಊರು ತನ್ನನ್ನು ‘ಆಸ್ಪ್ರೆ ಊರು’ ಎಂದೇ ಕರೆದುಕೊಳ್ಳುತ್ತದೆ. ವಸತಿಮನೆ, ಚಹಾ ಅಂಗಡಿ ಎಲ್ಲಕ್ಕೂ ಹಕ್ಕಿಯಿಂದ ವ್ಯಾಪಾರ. ತಮ್ಮ ಊರಿನ ಮರಕ್ಕೆ ಕೈಹಾಕುವವನನ್ನು ಅಲ್ಲಿಯವರು ಸುಮ್ಮನೆ ಬಿಟ್ಟಾರೆಯೆ? ಅಷ್ಟೇ ಏಕೆ, ಹಿಂದೆ ಮೀನು ಕದ್ದಿತೆಂದು ಹಕ್ಕಿಯನ್ನು ಹೊಡೆಯುತ್ತಿದ್ದ ಕಣಿವೆಯಲ್ಲೇ ಈಗ ಒಂದು ಮೀನು ಸಾಕಣೆ ಕೊಳದ ಪಕ್ಕ ಮರೆ ಕಟ್ಟಿ, ಆಸ್ಪ್ರೆ ಮೀನು ಹಿಡಿಯುವುದನ್ನು ಫೋಟೊ ತೆಗೆಯಲು ಬರುವವರಿಂದ ಹಣ ಪಡೆಯುತ್ತಾರೆ. ಕಳ್ಳನಿಗೆ ಟಿಕೇಟು!

ಒಂದು ಮಾತು ಮಾತ್ರ ಬಿಡುವಂತಿಲ್ಲ. ವಾಟರ್‌ಸ್ಟನ್ ತೋರಿಸಿದ್ದು ಒಂದೇ ಗೂಡನ್ನು. 1960ರ ದಶಕದಲ್ಲಿ ಬೇರೆ ಜೋಡಿಗಳು ಬೇರೆ ಕಡೆ ಗೂಡು ಕಟ್ಟಿದಾಗ ಆ ಜಾಗಗಳನ್ನು ಗುಟ್ಟಾಗಿಯೇ ಇಟ್ಟರು. ಒಂದು ಗೂಡು ಜನರ ಪ್ರೀತಿ ಸಂಪಾದಿಸಿತು, ಉಳಿದವು ಅದರ ನೆರಳಿನಲ್ಲಿ ಬೆಳೆದವು. ಎಲ್ಲವನ್ನೂ ತೋರಿಸಿದ್ದರೆ ಈ ಕಥೆ ಹೀಗಾಗುತ್ತಿರಲಿಲ್ಲವೇನೋ.

ಮರ ಹತ್ತಿ ಗೂಡು ಕಟ್ಟಿಕೊಟ್ಟವರು

ಲಾಖ್ ಗಾರ್ಟನ್ನಿಗೆ 1960ರಲ್ಲಿ ಕಾವಲಿಗೆಂದು ಬಂದ ತರುಣ ರಾಯ್ ಡೆನಿಸ್. ಅವರಿಗೆ ಆಸ್ಪ್ರೆಯೇ ಜೀವನವಾಯಿತು. ಈ ಹಕ್ಕಿಯ ಒಂದು ಸ್ವಭಾವವನ್ನು ಅವರು ಚೆನ್ನಾಗಿ ಹಿಡಿದರು. ಹೊಸದಾಗಿ ಸಂಸಾರ ಹೂಡುವ ಗಂಡುಹಕ್ಕಿಗೆ ಖಾಲಿ ಗೂಡು ಸಿಕ್ಕರೆ ಬಹಳ ಇಷ್ಟ. ಕಟ್ಟಿದ ಮನೆ ಸಿಕ್ಕರೆ ಯಾರಿಗೆ ಬೇಡ? ಹಾಗಾಗಿ ಡೆನಿಸ್ ತಾವೇ ಮರದ ತುದಿಗೆ ಹತ್ತಿ, ಕಡ್ಡಿ ಕೊಂಬೆ ಜೋಡಿಸಿ, ಪಾಚಿ ಹಾಸಿ ಗೂಡು ಕಟ್ಟತೊಡಗಿದರು. ಹಳೆಯ ಗೂಡಿನಂತೆ ಕಾಣಲೆಂದು ಬಿಳಿ ಬಣ್ಣ ಚಿಮುಕಿಸಿ ಹಿಕ್ಕೆಯ ಗುರುತನ್ನೂ ಮಾಡುವುದುಂಟು. ಹಕ್ಕಿಗಳು ನಂಬಿ ಬಂದು ನೆಲೆಸಿದವು. ಬೂಟ್ ಪಾಲಿಶ್ ಹಚ್ಚಿದವನದೂ ಮೋಸವೇ, ಇದೂ ಮೋಸವೇ!

ಒಂದು ಜೋಡಿಯಿಂದ ಶುರುವಾದದ್ದು ಈಗ ಬ್ರಿಟನ್ನಿನಲ್ಲಿ ಇನ್ನೂರಕ್ಕೂ ಹೆಚ್ಚು ಜೋಡಿಗಳಾಗಿವೆ, ಬಹುಪಾಲು ಸ್ಕಾಟ್ಲೆಂಡಿನಲ್ಲೇ. 1996ರಿಂದ ಆರು ವರ್ಷ ಸ್ಕಾಟ್ಲೆಂಡಿನ ಗೂಡುಗಳಿಂದ ಒಟ್ಟು 64 ಮರಿಗಳನ್ನು ಇಂಗ್ಲೆಂಡಿನ ರಟ್ಲೆಂಡ್ ಜಲಾಶಯಕ್ಕೆ ಒಯ್ದು ಸಾಕಿ ಬಿಟ್ಟರು. 2001ರಲ್ಲಿ ಅಲ್ಲಿಯೇ ಮರಿ ಹುಟ್ಟಿತು. ಆಮೇಲೆ ಸ್ಪೇನಿಗೂ ಮರಿಗಳನ್ನು ಕಳಿಸಿದ್ದಾರೆ. ತವರಿನಲ್ಲಿ ಇಲ್ಲವೇ ಇಲ್ಲ ಎನ್ನಿಸಿಕೊಂಡ ಹಕ್ಕಿ ಈಗ ಬೇರೆಯವರಿಗೆ ಹೆಣ್ಣು ಕೊಡುವಷ್ಟಾಗಿದೆ.

ಎಲ್ಲ ಸುಖಾಂತವಾಯಿತು ಎಂದುಕೊಳ್ಳಬೇಡಿ. 1980ರ ದಶಕದಲ್ಲಿ ಲಾಖ್ ಗಾರ್ಟನ್ನಿನ ಗೂಡುಮರಕ್ಕೇ ಯಾರೋ ಗರಗಸ ಹಾಕಿದರು. ವೇಲ್ಸ್ ಪ್ರಾಂತ್ಯದ ಲಿನ್ ಬ್ರೆನಿಗ್ ಎಂಬಲ್ಲಿ 2021ರಲ್ಲಿ, ಆಗಷ್ಟೇ ಮೊಟ್ಟೆಯಿಟ್ಟಿದ್ದ ಗೂಡಿನ ಕಂಬವನ್ನು ರಾತ್ರಿ ಗರಗಸದಿಂದ ಕೊಯ್ದು ಕೆಡವಿದರು. ಮೊಟ್ಟೆಗಾಗಿಯೂ ಅಲ್ಲ, ಯಾವುದಕ್ಕಾಗಿ ಎಂದು ತಿಳಿಯದು. ಕಾವಲು ಇಂದಿಗೂ ಬಿಟ್ಟಿಲ್ಲ.

ಇಪ್ಪತ್ತನಾಲ್ಕು ಸಲ ಬಂದ ಅಜ್ಜಿ

ಪರ್ತ್‌ಶೈರ್ ಸೀಮೆಯಲ್ಲಿ ಲಾಖ್ ಆಫ್ ದ ಲೋಸ್ ಎಂಬ ಇನ್ನೊಂದು ಸರೋವರ. ಅಲ್ಲಿ 1991ರಿಂದ 2014ರವರೆಗೆ ವರ್ಷ ತಪ್ಪದೆ ಬಂದ ಒಂದು ಹೆಣ್ಣು ಆಸ್ಪ್ರೆಗೆ ‘ಲೇಡಿ’ ಎಂದು ಹೆಸರಾಯಿತು. ಆಸ್ಪ್ರೆಯ ಆಯಸ್ಸು ಸಾಮಾನ್ಯವಾಗಿ ಎಂಟು ವರ್ಷದ ಆಸುಪಾಸು ಅನ್ನುತ್ತಾರೆ. ಇವಳು ಇಪ್ಪತ್ತನಾಲ್ಕು ಬೇಸಿಗೆ ಬಂದು, 71 ಮೊಟ್ಟೆಯಿಟ್ಟು, 50 ಮರಿಗಳನ್ನು ಹಾರಿಸಿದಳು. ಕಾಲಿಗೆ ಗುರುತಿನ ಉಂಗುರ ಇರಲಿಲ್ಲ. ಅವಳೇ ಎಂದು ಪತ್ತೆ ಹಚ್ಚುತ್ತಿದ್ದುದು ಕಣ್ಣಿನ ಹಳದಿ ಪಾಪೆಯಲ್ಲಿದ್ದ ಚುಕ್ಕೆಗಳಿಂದ.

2010ರಲ್ಲಿ ಸಣ್ಣ ಮರಿಗಳಿರುವಾಗಲೇ ಲೇಡಿ ಕಾಯಿಲೆ ಬಿದ್ದಳು. ಗೂಡಿಗೆ ಕ್ಯಾಮೆರಾ ಇಟ್ಟಿದ್ದರಿಂದ ದೇಶವಿದೇಶದ ಜನ ಇಂಟರ್‌ನೆಟ್ಟಿನಲ್ಲಿ ನೋಡುತ್ತಿದ್ದರು. ತಲೆಯೆತ್ತದೆ ಬಿದ್ದಿದ್ದಾಳೆ, ಇನ್ನೇನು ಮುಗಿಯಿತು ಎಂದು ಎಲ್ಲರೂ ಕಣ್ಣೀರು ಹಾಕುತ್ತಿದ್ದಾಗ ಎದ್ದು ಕೂತಳು, ಮೀನು ತಿಂದಳು, ಮತ್ತೆ ಆಫ್ರಿಕಕ್ಕೂ ಹೋಗಿ ಬಂದಳು. 2015ರ ವಸಂತದಲ್ಲಿ ಮಾತ್ರ ಬರಲಿಲ್ಲ.

ಆಫ್ರಿಕ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಸ್ಪ್ರೆ ಸ್ಕಾಟ್ಲೆಂಡಿನಲ್ಲಿರುವುದು ಮಾರ್ಚ್ ಕೊನೆಯಿಂದ ಆಗಸ್ಟ್ ಅಥವಾ ಸೆಪ್ಟೆಂಬರಿನವರೆಗೆ ಮಾತ್ರ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೆ ಮೀನು ಹಿಡಿಯುವುದೆಲ್ಲಿಂದ? ಹಾಗಾಗಿ ಸೆನೆಗಲ್, ಗ್ಯಾಂಬಿಯಾ, ಗಿನಿ ಬಿಸಾವು ಮೊದಲಾದ ಪಶ್ಚಿಮ ಆಫ್ರಿಕದ ಕರಾವಳಿಗೆ ಹೋಗುತ್ತವೆ. ದಾರಿ ಸುಮಾರು 5,000 ಕಿಲೋಮೀಟರು, ನಡುವೆ ಸಹಾರ ಮರುಭೂಮಿ. ಗಂಡ ಹೆಂಡತಿ ಒಟ್ಟಿಗೆ ಹೋಗುವುದಿಲ್ಲ, ಅಲ್ಲಿ ಒಟ್ಟಿಗೆ ಇರುವುದೂ ಇಲ್ಲ. ಬೇಸಿಗೆಯಲ್ಲಿ ಗೂಡಿನಲ್ಲಷ್ಟೇ ಭೇಟಿ.

ನನಗೆ ತುಂಬ ಸೋಜಿಗವೆನಿಸುವುದು ಮರಿಗಳ ಪ್ರಯಾಣ. ಆಗಸ್ಟ್ ಆರಂಭದಲ್ಲಿ ತಾಯಿ ಹೊರಟುಬಿಡುತ್ತಾಳೆ. ಅಪ್ಪ ಇನ್ನಷ್ಟು ದಿನ ಮೀನು ತಂದುಕೊಡುತ್ತಾನೆ. ಹಾರಲು ಕಲಿತು ಕೆಲವೇ ವಾರವಾದ ಮರಿ ಒಂದು ದಿನ ತಾನಾಗಿ ದಕ್ಷಿಣಕ್ಕೆ ತಿರುಗುತ್ತದೆ. ಮುಂದೆ ದಾರಿ ತೋರಿಸುವ ಹಕ್ಕಿ ಇಲ್ಲ, ಹಿಂದೆ ಅಣ್ಣತಮ್ಮಂದಿರಿಲ್ಲ. ಬೆನ್ನಿಗೆ ಸಣ್ಣ ರೇಡಿಯೊ ಯಂತ್ರ ಕಟ್ಟಿ ಕಳಿಸಿದ ಮರಿಗಳ ದಾರಿಯನ್ನು ಉಪಗ್ರಹದ ಮೂಲಕ ನೋಡಿದ್ದಾರೆ. ಕೆಲವು ನೇರ ಹೋಗುತ್ತವೆ. ಕೆಲವು ಗಾಳಿಗೆ ಸಿಕ್ಕಿ ಅಟ್ಲಾಂಟಿಕ್ ಸಮುದ್ರದ ಮೇಲೆ ಸಾಗಿ, ಕೂರಲು ಜಾಗವಿಲ್ಲದೆ ಅಲ್ಲೇ ಮುಗಿಯುತ್ತವೆ. ಹೋದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿರುಗುವುದಿಲ್ಲ. ಬದುಕಿದವು ಒಂದು ಇಡೀ ಬೇಸಿಗೆಯನ್ನೂ ಆಫ್ರಿಕದಲ್ಲೇ ಕಳೆದು, ಎರಡು ಮೂರು ವರ್ಷಕ್ಕೆ ಮತ್ತೆ ಹುಟ್ಟಿದ ಕಣಿವೆಯ ಕಡೆ ಹೊರಡುತ್ತವೆ. ಮಾರ್ಚ್ ಕೊನೆ ಬಂತೆಂದರೆ ಸ್ಕಾಟ್ಲೆಂಡಿನ ಕೆಲವರು ದಿನಾ ಬೆಳಿಗ್ಗೆ ಖಾಲಿ ಗೂಡಿನ ಕಡೆ ದುರ್ಬೀನು ಹಿಡಿದು ನಿಲ್ಲುವುದು ಅದಕ್ಕೇ.

ನಮ್ಮಲ್ಲೂ ನೋಡಬಹುದು

ಸ್ಕಾಟ್ಲೆಂಡಿನ ಆಸ್ಪ್ರೆ ನಮ್ಮಲ್ಲಿಗೆ ಬರುವುದಿಲ್ಲ, ಅದರ ದಾರಿ ಆಫ್ರಿಕಕ್ಕೆ. ಆದರೆ ಅದೇ ಜಾತಿಯ ಹಕ್ಕಿಗಳು ಏಷ್ಯಾದ ಉತ್ತರ ಭಾಗದಿಂದ ಚಳಿಗಾಲ ಕಳೆಯಲು ಭಾರತಕ್ಕೆ ಬರುತ್ತವೆ. ಕಬಿನಿ, ಭದ್ರಾ ಹಿನ್ನೀರಿನಲ್ಲಿ ದೋಣಿಯಲ್ಲಿ ಹೋದವರು ಇದನ್ನು ನೋಡಿರುತ್ತಾರೆ. ನವೆಂಬರಿನಿಂದ ಫೆಬ್ರುವರಿಯ ಒಳಗೆ ಅಂಥ ಕಡೆ ಹೋದರೆ, ಮಕ್ಕಳೇ, ನೀರಿನಲ್ಲಿ ಮುಳುಗಿ ಒಣಗಿ ನಿಂತ ಬೋಳು ಮರಗಳ ತುದಿ ನೋಡಿ. ಅಜ್ಜನ ಕಣ್ಣು ಮಂಜಾಗಿದ್ದರೆ ದುರ್ಬೀನು ಮೊದಲು ಅವರಿಗೆ ಕೊಡಿ. ಕೆಂಪು ಮೈ, ಬಿಳಿ ತಲೆಯಾದರೆ ಅದು ನಮ್ಮ ಗರುಡ. ಮೈ ಕಂದು, ಹೊಟ್ಟೆ ಬಿಳಿ, ಕಣ್ಣಿನ ಪಕ್ಕ ಕಪ್ಪು ಪಟ್ಟಿ ಇದ್ದು, ಕಾಲಡಿಯಲ್ಲಿ ಅರ್ಧ ತಿಂದ ಮೀನು ಇದ್ದರೆ ಆಸ್ಪ್ರೆ. ದೋಣಿಯವರಿಗೆ ಎಂಜಿನ್ ನಿಲ್ಲಿಸಲು ಹೇಳಿ. ಊಟ ಮುಗಿಸಲು ಅದಕ್ಕೆ ಸಾಕಷ್ಟು ಹೊತ್ತು ಬೇಕಾಗುತ್ತದೆ.